ಹ್ಯಾಮ್ ರೇಡಿಯೋ, ಹೆಂಡತಿ ಮತ್ತು ಒಂದು ಬಟ್ಟೆ ಕ್ಲಿಪ್

ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವ ಹ್ಯಾಮ್‌ಗಳ ಪರೀಕ್ಷೆ ಪಾಸಾಗಿ, ರೇಡಿಯೋದಲ್ಲಿ ನನ್ನ ಗುರುತಾದ ಕಾಲ್‌ಸೈನ್ ಕೈಗೆ ಬಂದ ದಿನ ಹೆಂಡತಿಗೆ ಒಂದು ಮಾತು ಹೇಳಿಬಿಟ್ಟೆ. "ಇನ್ನೇನಿಲ್ಲ ಕಣೇ, ಒಂದು ರೇಡಿಯೋ ತಗೊಂಡ್ರೆ ಮುಗೀತು." ನಾನು ಆ ಮಾತನ್ನು ಮರುದಿನವೇ ಮರೆತೆ. ಅವಳು ಇವತ್ತಿಗೂ ಮರೆತಿಲ್ಲ. ಮನೆಗೆ ಹೊಸ ಡಬ್ಬಿ ಬಂದಾಗಲೆಲ್ಲ ಅದನ್ನು ಹೊರಗೆ ತೆಗೆಯುತ್ತಾಳೆ.

ಮೊದಲು ಬಂದದ್ದು ಹ್ಯಾಂಡಿ. ಅಂಗೈಯಲ್ಲಿ ಕೂರುವ 5 ವ್ಯಾಟಿನ ಸೆಟ್, ತಲೆ ಮೇಲೆ ಗೇಣುದ್ದದ ರಬ್ಬರ್ ಆಂಟೆನಾ. ಹ್ಯಾಮ್‌ಗಳು ಇದನ್ನು ರಬ್ಬರ್ ಡಕ್ ಅಂತಾರೆ. ಬಾತುಕೋಳಿ ಹಾರಿದಷ್ಟೇ ದೂರ ಸಿಗ್ನಲ್ಲೂ ಹಾರುತ್ತೆ ಅನ್ನೋದಕ್ಕೇ ಈ ಹೆಸರು ಇರಬೇಕು ಅಂತ ನನಗೆ ಆಮೇಲೆ ಅನ್ನಿಸಿತು. ಹಾಲ್‌ನಲ್ಲಿ ಕೂತು ಕರೆದರೆ, ಎತ್ತರದಲ್ಲಿದ್ದು ನಮ್ಮ ಮಾತನ್ನು ಹಿಡಿದು ದೂರಕ್ಕೆ ಮತ್ತೆ ಕಳಿಸುವ ರಿಪೀಟರ್ ನನ್ನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕಿಟಕಿ ಪಕ್ಕ ನಿಂತರೆ ಅರ್ಧ ಮಾತು ಹೋಗುತ್ತಿತ್ತು. ಇಡೀ ಮನೆ ಸುತ್ತಿ ಹುಡುಕಿದ ಮೇಲೆ ಪೂರ್ತಿ ಸಿಗ್ನಲ್ ಸಿಗುವ ಒಂದೇ ಒಂದು ಜಾಗ ಪತ್ತೆಯಾಯಿತು. ಬಚ್ಚಲುಮನೆ, ಬಕೆಟ್ ಬೋರಲು ಹಾಕಿ ಅದರ ಮೇಲೆ ನಿಂತರೆ, ಸಣ್ಣ ಕಿಟಕಿಯ ಎದುರು. ಮೊದಲ ಎರಡು ವಾರ ನಾನು ಜಗತ್ತಿನ ಜೊತೆ ಮಾತಾಡಿದ್ದು ಅಲ್ಲಿಂದಲೇ. ಒಬ್ಬ ಹಿರಿಯರು "ನಿಮ್ಮ ಆಡಿಯೋ ತುಂಬಾ ಚೆನ್ನಾಗಿದೆ, ಎಕೋ ಏನಾದ್ರೂ ಹಾಕಿದ್ದೀರಾ?" ಅಂತ ಕೇಳಿದರು. ಹೌದು ಸರ್ ಅಂದೆ.

ಬಕೆಟ್ ಒಡೆದ ದಿನ ತಾರಸಿ ಮೇಲೆ ಆಂಟೆನಾ ಹಾಕುವ ತೀರ್ಮಾನವಾಯಿತು. ಒಳ್ಳೇ ಆಂಟೆನಾವನ್ನೇ ತಂದೆ. ಆದರೆ ಕೇಬಲ್ ವಿಷಯದಲ್ಲಿ ಜಿಪುಣತನ ಮಾಡಿದೆ. ಕೇಬಲ್ ಅಂದ್ರೆ ಕೇಬಲ್, ಅದರಲ್ಲೇನಿದೆ ಅಂತ ತೆಳ್ಳಗಿನ ಆರ್‌ಜಿ-58 ಕೋಆಕ್ಸ್ 30 ಮೀಟರ್ ಎಳೆದೆ. 145 ಮೆಗಾಹರ್ಟ್ಸ್‌ನಲ್ಲಿ ಅಷ್ಟು ಉದ್ದದ ಆ ಕೇಬಲ್ ಸುಮಾರು 6 ಡೆಸಿಬೆಲ್ ನುಂಗುತ್ತದೆ. 3 ಡೆಸಿಬೆಲ್ ಅಂದರೆ ಅರ್ಧಕ್ಕರ್ಧ, 6 ಅಂದರೆ ಮುಕ್ಕಾಲು ಪಾಲು ಗೋವಿಂದ. ಕೆಳಗಿನಿಂದ ನಾನು 5 ವ್ಯಾಟ್ ಕಳಿಸಿದರೆ ಮೇಲಿರುವ ಆಂಟೆನಾಕ್ಕೆ ಒಂದು ಚಿಲ್ಲರೆ ವ್ಯಾಟ್ ತಲುಪುತ್ತಿತ್ತು. ಉಳಿದದ್ದರಲ್ಲಿ ಕೇಬಲ್ ಬೆಚ್ಚಗಿರುತ್ತಿತ್ತು. ಆಮೇಲೆ ಕಿರುಬೆರಳು ದಪ್ಪದ ಆರ್‌ಜಿ-213 ತಂದೆ. ಅದು ಒಳ್ಳೇ ಕೇಬಲ್ಲು, ಆದರೆ ಮೂಲೆಯಲ್ಲಿ ಬಾಗಿಸೋಕೆ ಹೋದರೆ ಹಠಮಾರಿ ಕರುವಿನ ಹಾಗೆ ಎಳೆದ ಕಡೆ ಬರೋದಿಲ್ಲ. ಅದಕ್ಕಾಗಿ ಕಿಟಕಿ ಚೌಕಟ್ಟಿನಲ್ಲಿ ಕೊರೆದ ತೂತು ಲೆಕ್ಕಕ್ಕಿಂತ ಸ್ವಲ್ಪ ದೊಡ್ಡದಾಯಿತು. ಮಳೆಗಾಲದಲ್ಲಿ ಎಷ್ಟು ದೊಡ್ಡದು ಅಂತ ಗೊತ್ತಾಯಿತು.

ನಂತರ ಬಂತು ದೊಡ್ಡ ರಿಗ್, 100 ವ್ಯಾಟ್ ಎಚ್‌ಎಫ್, ಅಂದರೆ ದೂರದೂರದ ಊರು ಹಿಡಿಯುವ ಶಾರ್ಟ್‌ವೇವ್ ಸೆಟ್. ಡಬ್ಬಿ ಬಿಚ್ಚಿ, ಮೇಜಿನ ಮೇಲಿಟ್ಟು, ಹಿಂದೆ ಮುಂದೆ ತಿರುಗಿಸಿ ನೋಡಿದೆ. ಗೋಡೆಗೆ ಸಿಕ್ಕಿಸುವ ಪ್ಲಗ್ಗೇ ಇಲ್ಲ! ಕೆಂಪು ಕಪ್ಪು ಎರಡು ವೈರ್ ಮಾತ್ರ ಜೋಲಾಡುತ್ತಿವೆ. ಈ ಸೆಟ್ಟುಗಳಿಗೆ ಬೇಕಾದ್ದು 13.8 ವೋಲ್ಟ್ ಡಿಸಿ. ಪೂರ್ತಿ ಪವರ್‌ನಲ್ಲಿ ಮಾತಾಡಿದರೆ 20 ಆಂಪಿಯರ್‌ಗೂ ಜಾಸ್ತಿ ಎಳೆಯುತ್ತವೆ. ನನ್ನ ಹತ್ತಿರ ಇದ್ದದ್ದು 12 ವೋಲ್ಟಿನ ಒಂದು ಪುಟಾಣಿ ಅಡಾಪ್ಟರ್. ವೋಲ್ಟೇಜ್ ಹೆಚ್ಚು ಕಮ್ಮಿ ಸರಿ ಇದೆಯಲ್ಲ ಅಂತ ಹಾಕಿದೆ. ರಿಸೀವ್ ಚೆನ್ನಾಗಿ ಆಯಿತು. ಮೈಕ್ ಒತ್ತಿದೆ. ಡಿಸ್‌ಪ್ಲೇ ಆರಿತು. ಬಿಟ್ಟೆ, ಹತ್ತಿತು. ಒತ್ತಿದೆ, ಆರಿತು. "ಏನ್ರೀ ಅದು, ಕಣ್ಣು ಹೊಡೀತಿದೆ?" ಅಂದಳು. ಸರಿ, ಪವರ್ ಸಪ್ಲೈ ಬಂತು. ಅದರ ಜೊತೆ ಆ ಹಳೇ ಮಾತೂ ಬಂತು.

ಎಚ್‌ಎಫ್‌ಗೆ ಆಂಟೆನಾ ಅಂದರೆ ತಂತಿ. 143 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಡೈಪೋಲ್ ಅನ್ನೋ ಆ ತಂತಿ ಆಂಟೆನಾದ ಉದ್ದ ಮೀಟರಿನಲ್ಲಿ ಸಿಗುತ್ತದೆ. 7.1ಕ್ಕೆ ಲೆಕ್ಕ ಹಾಕಿದರೆ 20 ಮೀಟರ್ ಚಿಲ್ಲರೆ. ನಮ್ಮ ತಾರಸಿ 14 ಮೀಟರ್. ಲೆಕ್ಕ ಬದಲಾಯಿಸೋಕಾಗಲ್ಲ, ತಾರಸಿ ಎಳೆದು ಉದ್ದ ಮಾಡೋಕೂ ಆಗಲ್ಲ. ತಂತಿಯ ಎರಡು ತುದಿಗಳನ್ನು ಕೆಳಗೆ ಬಾಗಿಸಿ ಕಟ್ಟಿದೆ. ಇಲ್ಲಿ ಒಂದು ಮಾತು. ಡೈಪೋಲಿನ ತುದಿಯಲ್ಲೇ ವೋಲ್ಟೇಜ್ ಜಾಸ್ತಿ ಇರೋದು, 100 ವ್ಯಾಟ್ ಹೋಗುವಾಗ ಮುಟ್ಟಿದರೆ ಚುರ್ ಅಂತ ಸುಡುತ್ತೆ. ಹಾಗಾಗಿ ಕೈಗೆಟುಕದಷ್ಟು ಎತ್ತರದಲ್ಲೇ ಕಟ್ಟಬೇಕು. ತುದಿಗಳನ್ನು ಎತ್ತರದಲ್ಲಿ ಕಟ್ಟಿದೆ. ಮಧ್ಯದ ಭಾಗ ಬಿಸಿಲಿಗೆ ಜೋತು ಸ್ವಲ್ಪ ಕೆಳಗೆ ಬಂದದ್ದು ನನ್ನ ಗಮನಕ್ಕೆ ಬರಲಿಲ್ಲ. ಬೇರೆಯವರ ಗಮನಕ್ಕೆ ಬಂತು.

ಒಂದು ಭಾನುವಾರ ಬೆಳಿಗ್ಗೆ ರಿಗ್ ಹಾಕಿದರೆ ಎಸ್‌ಡಬ್ಲ್ಯೂಆರ್ ಮೂರರ ಮೇಲೆ ನಿಂತಿದೆ. ಆಂಟೆನಾ ಪವರನ್ನು ಎಷ್ಟು ವಾಪಸ್ ತಳ್ಳುತ್ತಿದೆ ಅಂತ ಹೇಳುವ ಲೆಕ್ಕ ಅದು, ಒಂದರ ಹತ್ತಿರ ಇದ್ದಷ್ಟೂ ಒಳ್ಳೇದು. ಹಿಂದಿನ ರಾತ್ರಿ 1.3 ಇತ್ತು. ಕೇಬಲ್ ತುದಿಯ ಕನೆಕ್ಟರ್ ಹೋಗಿರಬೇಕು ಅಂತ ಅದನ್ನು ಕತ್ತರಿಸಿದೆ. ಪಿಎಲ್-259 ಅನ್ನೋ ಆ ಕನೆಕ್ಟರಿಗೆ ಬೆಸುಗೆ ಹಾಕಿದವರಿಗೆ ಗೊತ್ತು, ಅದರ ಮೈ ಕಾಯುವಷ್ಟರಲ್ಲಿ ಒಳಗಿನ ಪ್ಲಾಸ್ಟಿಕ್ ಕರಗಿರುತ್ತೆ, ಪ್ಲಾಸ್ಟಿಕ್ ಉಳಿದರೆ ಬೆಸುಗೆ ಹಿಡಿದಿರೋದಿಲ್ಲ. ಎರಡು ಕನೆಕ್ಟರ್ ಹಾಳಾದವು, ಒಂದು ಬೆರಳು ಸುಟ್ಟಿತು, ಮೂರನೆಯದು ಕೂತಿತು. ಎಸ್‌ಡಬ್ಲ್ಯೂಆರ್ ಮಾತ್ರ ಕದಲಲಿಲ್ಲ. ಕೊನೆಗೆ ತಾರಸಿ ಹತ್ತಿದೆ. ನನ್ನ ಡೈಪೋಲಿನ ಮೇಲೆ ಎರಡು ಒದ್ದೆ ಬೆಡ್‌ಶೀಟು, ನಾಲ್ಕು ಟವೆಲು, ಸಾಲಾಗಿ ಕ್ಲಿಪ್ ಹಾಕಿ ಒಣಗುತ್ತಿವೆ. ಕೆಳಗೆ ಬಂದು ಕೇಳಿದೆ. "ಅಂತೂ ನಿಮ್ಮ ಹವ್ಯಾಸದಿಂದ ಮನೆಗೆ ಒಂದು ಉಪಯೋಗ ಆಯ್ತು ಅಂದ್ಕೊಂಡೆ" ಅಂದಳು. ಹಗ್ಗಕ್ಕಿಂತ ಅದು ಗಟ್ಟಿ ಇದೆಯಂತೆ. ಒದ್ದೆ ಬಟ್ಟೆ ಬಿದ್ದರೆ ಆಂಟೆನಾದ ಟ್ಯೂನಿಂಗ್ ಕದಲುತ್ತೆ ಅಂತ ವಿವರಿಸಿದೆ. "ಹಾಗಾದ್ರೆ ಒಣಗಿದ ಮೇಲೆ ಮಾತಾಡಿ" ಅಂತ ಪರಿಹಾರ ಸಿಕ್ಕಿತು.

ಎಸ್‌ಡಬ್ಲ್ಯೂಆರ್ ಕೆಟ್ಟರೆ ಒಂದು ಕಷ್ಟ, ತೀರಾ ಚೆನ್ನಾಗಿದ್ದರೆ ಇನ್ನೊಂದು. ಒಂದು ಸಂಜೆ ಮೀಟರ್ ನೋಡಿದರೆ 1.0! ಕೂದಲೆಳೆಯಷ್ಟೂ ಏರುತ್ತಿಲ್ಲ. ಉಬ್ಬಿಹೋಗಿ ಅರ್ಧ ಗಂಟೆ "ಸಿಕ್ಯೂ ಸಿಕ್ಯೂ", ಅಂದರೆ ಯಾರಾದ್ರೂ ಇದ್ದೀರಾ, ಅಂತ ಕೂಗಿದೆ. ಒಂದು ನರಪಿಳ್ಳೆಯೂ ಉತ್ತರ ಕೊಡಲಿಲ್ಲ. ಸಿಗ್ನಲನ್ನು ಆಕಾಶದಿಂದ ವಾಪಸ್ ಭೂಮಿಗೆ ತಿರುಗಿಸುವ ಅಯಾನುಗೋಳ ಕೈಕೊಟ್ಟಿದೆ, ಸೂರ್ಯನ ಕಲೆ ಕಮ್ಮಿಯಾಗಿದೆ, ಹನ್ನೊಂದು ವರ್ಷದ ಚಕ್ರದಲ್ಲಿ ನನ್ನ ಕಾಲಕ್ಕೇ ಇಳಿತ ಬಂತಲ್ಲ ಅಂತ ಸೂರ್ಯನಿಗೇ ಬೈದೆ. ಆಮೇಲೆ ಮೂಗಿಗೆ ಬಿಸಿ ಬಣ್ಣದ ವಾಸನೆ ಬಂತು. ಆಂಟೆನಾ ಸ್ವಿಚ್ ಡಮ್ಮಿ ಲೋಡಿನ ಕಡೆಗಿತ್ತು. ಡಮ್ಮಿ ಲೋಡ್ ಅಂದರೆ ಸೆಟ್ ಪರೀಕ್ಷೆ ಮಾಡೋಕೆ ಇಟ್ಟುಕೊಳ್ಳುವ 50 ಓಮ್‌ನ ದೊಡ್ಡ ರೆಸಿಸ್ಟರ್. ಹೋದ ಪವರನ್ನೆಲ್ಲ ಶಾಖ ಮಾಡಿಕೊಂಡು ಸುಮ್ನೆ ಕೂರುತ್ತೆ. ಅಷ್ಟು ಹೊತ್ತು ನಾನು ಮಾಡಿದ್ದು ಮೇಜಿನ ಕೆಳಗೆ ಒಂದು ಡಬ್ಬಿ ಕಾಯಿಸುವ ಕೆಲಸ.

ಗದ್ದಲದ ಕಥೆ ಇನ್ನೊಂದು. ಒಂದು ವಾರ 7 ಮೆಗಾಹರ್ಟ್ಸ್ ಪೂರ್ತಿ ಝುಂಯ್ ಅನ್ನುತ್ತಿತ್ತು, ಸಿಗ್ನಲ್ ಬಲ ತೋರಿಸುವ ಎಸ್-ಮೀಟರ್ 9ರಿಂದ ಕೆಳಗಿಳಿಯುತ್ತಿರಲಿಲ್ಲ. ನಮ್ಮ ಭಾಷೆಯಲ್ಲಿ ಮನುಷ್ಯ ಮಾಡಿದ ಗದ್ದಲಕ್ಕೆ ಕ್ಯೂಆರ್‌ಎಂ, ಸಿಡಿಲು ಗಿಡಿಲಿನದಾದರೆ ಕ್ಯೂಆರ್‌ಎನ್. ಇದು ಮನುಷ್ಯನದೇ ಅನ್ನೋದರಲ್ಲಿ ಅನುಮಾನ ಇರಲಿಲ್ಲ, ಯಾವ ಮನುಷ್ಯ ಅನ್ನೋದೇ ಪ್ರಶ್ನೆ. ಪಕ್ಕದ ಮನೆಯವರ ಎಲ್‌ಇಡಿ ದೀಪಗಳ ಮೇಲೆ ನನ್ನ ಕಣ್ಣಿತ್ತು. ಆದರೆ ಮೊದಲು ನಮ್ಮ ಮನೆಯನ್ನೇ ಪರೀಕ್ಷೆ ಮಾಡಬೇಕು ಅನ್ನೋದು ಕ್ರಮ. ರೇಡಿಯೋವನ್ನು ಬ್ಯಾಟರಿಗೆ ಹಾಕಿ, ಮೇನ್ ಬೋರ್ಡಿನ ಸ್ವಿಚ್ ಒಂದೊಂದೇ ಆರಿಸುತ್ತಾ ಬಂದೆ. ಮಗಳ ಆನ್‌ಲೈನ್ ಕ್ಲಾಸ್ ಹೋಯಿತು. ಟಿವಿ ಹೋಯಿತು. ಹೆಂಡತಿಯ ಮುಖದ ಕಳೆ ಹೋಯಿತು. ಕೊನೆಯ ಸ್ವಿಚ್ ಆರಿಸಿದಾಗ ಗದ್ದಲವೂ ನಿಂತಿತು. ಅದು ನನ್ನದೇ ರೂಮಿನ ಸ್ವಿಚ್. ಗದ್ದಲ ಮಾಡುತ್ತಿದ್ದದ್ದು ಹೊಸದಾಗಿ ತಂದ ಹ್ಯಾಂಡಿಯ ಚಾರ್ಜರ್. ಅದರ ವೈರನ್ನು ಒಂದು ಫೆರೈಟ್ ಉಂಗುರಕ್ಕೆ ಏಳೆಂಟು ಸುತ್ತು ಸುತ್ತಿದ ಮೇಲೆ ತೆಪ್ಪಗಾಯಿತು. ಪಕ್ಕದ ಮನೆಯವರಿಗೆ ನಾನು ಮನಸ್ಸಿನಲ್ಲೇ ಎಷ್ಟು ಬೈದಿದ್ದೆ ಅಂತ ಅವರಿಗೆ ಗೊತ್ತಿಲ್ಲ. ನಾನು ಮಾತಾಡಿದಾಗಲೆಲ್ಲ ಅವರ ಕಂಪ್ಯೂಟರ್ ಸ್ಪೀಕರಿನಲ್ಲಿ ಯಾರೋ ನೀರಿನೊಳಗೆ ಬಾಯಿ ಮುಕ್ಕಳಿಸಿದ ಹಾಗೆ ಕೇಳುತ್ತಿತ್ತು ಅನ್ನೋದು ನನಗೂ ಆಮೇಲೆಯೇ ಗೊತ್ತಾದದ್ದು. ಅಲ್ಲಿಗೂ ಎರಡು ಫೆರೈಟ್ ಹೋದವು.

ಭಾಷೆಯ ಮಾತು ಬಂತಲ್ಲ, ಅದರಲ್ಲೂ ಎಡವಿದ್ದೇನೆ. ಹ್ಯಾಮ್ ಲೋಕದಲ್ಲಿ ಗಂಡಸು ಹದಿನಾರು ವರ್ಷದವನಾದರೂ ಓಎಂ, ಅಂದರೆ ಓಲ್ಡ್ ಮ್ಯಾನ್. ಹೆಂಗಸು ಎಂಬತ್ತು ದಾಟಿದ್ದರೂ ವೈಎಲ್, ಯಂಗ್ ಲೇಡಿ. ಇಲ್ಲಿಯವರೆಗೆ ಹೆಂಡತಿಗೆ ಬಹಳ ಹಿಡಿಸಿತು. ಮದುವೆಯಾದವಳಿಗೆ ಎಕ್ಸ್‌ವೈಎಲ್, ಎಕ್ಸ್ ಅಂದರೆ ಮಾಜಿ, ಅಂತ ನಾನು ಮುಂದುವರಿಸಬಾರದಿತ್ತು. ಹಾಗೇ ಮಾತು ಮುಗಿಸುವಾಗ ಶುಭಾಶಯಕ್ಕೆ 73 ಅನ್ನಬೇಕು. 88 ಅಂದರೆ ಪ್ರೀತಿ, ಮುತ್ತು. ಗಾಬರಿಯಲ್ಲಿ ಒಮ್ಮೆ ಆ ಎಕೋ ಕೇಳಿದ ಹಿರಿಯರಿಗೇ 88 ಅಂದುಬಿಟ್ಟೆ. ರಿಪೀಟರ್ ಒಂದು ಕ್ಷಣ ಸ್ತಬ್ಧವಾಯಿತು. "ಪರವಾಗಿಲ್ಲ, ಮನೆಯಲ್ಲಿ ಹೇಳ್ತೀನಿ" ಅಂದರು ಪುಣ್ಯಾತ್ಮರು.

ಮನೆಯ ಗದ್ದಲ ಸಾಕು ಅಂತ ಬೆಟ್ಟದ ಕಡೆ ಮುಖ ಮಾಡಿದೆ. ಬೆಟ್ಟದ ತುದಿಯಿಂದ ರೇಡಿಯೋ ಹಾಕುವ ಸೋಟಾ ಅನ್ನೋ ಕಾರ್ಯಕ್ರಮ 2002ರಲ್ಲಿ ಶುರುವಾದದ್ದು. ಸಾಮಾನು ಹೊತ್ತು ಹತ್ತಬೇಕು, ಅಂಕ ಸಿಗಬೇಕಾದರೆ ಕನಿಷ್ಠ ನಾಲ್ಕು ಜನರ ಜೊತೆ ಮಾತಾಡಬೇಕು, ರಿಪೀಟರ್ ಮೂಲಕ ಆಡಿದ ಮಾತು ಲೆಕ್ಕಕ್ಕಿಲ್ಲ. ಹೊರೋಕೆ ಹಗುರ ಇರಲಿ ಅಂತ 5 ವ್ಯಾಟಿನ ಸಣ್ಣ ಎಚ್‌ಎಫ್ ಸೆಟ್ ತಂದೆ. 100 ವ್ಯಾಟಿನಿಂದ 5ಕ್ಕೆ ಇಳಿದರೆ 13 ಡೆಸಿಬೆಲ್ ನಷ್ಟ, ಕೇಳುವವನ ಎಸ್-ಮೀಟರಿನಲ್ಲಿ ಅದು ಎರಡು ಗೆರೆ ಚಿಲ್ಲರೆ ಅಷ್ಟೇ. ಬೆನ್ನಿನ ಮೇಲೆ ಮಾತ್ರ ಹತ್ತು ಕಿಲೋ ವ್ಯತ್ಯಾಸ. ಕಂಬಕ್ಕೆ 7 ಮೀಟರಿನ, ಒಂದರೊಳಗೊಂದು ಸೇರುವ ಗಾಳದ ಕೋಲು. ತಂತಿಯನ್ನು ಅದಕ್ಕೆ ಸಿಕ್ಕಿಸೋಕೆ ಹೆಂಡತಿ ನಾಲ್ಕು ಬಟ್ಟೆ ಕ್ಲಿಪ್ ಕೊಟ್ಟಳು. ಅವಳೂ ಬಂದಳು, ಬೆಟ್ಟ ನೋಡೋಕೆ.

ಕಾರಿನಲ್ಲಿ ದಾರಿಯುದ್ದಕ್ಕೂ ಒಂದೇ ಚರ್ಚೆ. "ಎಲ್ಲಾ ತಗೊಂಡಿದ್ದೀರಾ?" "ತಗೊಂಡಿದ್ದೀನಿ." "ಆ ಸಣ್ಣ ಗುಂಡು ಸಾಮಾನು, ಅಡಾಪ್ಟರೋ ಏನೋ?" "ಬ್ಯಾಗಲ್ಲೇ ಇದೆ ಕಣೇ." "ಬೆಳಿಗ್ಗೆ ಮೇಜಿನ ಮೇಲೆ ನೋಡಿದ ಹಾಗಿತ್ತು." ಅಲ್ಲಿಂದ ಮಾತಿಗೆ ಮಾತು ಬೆಳೆದು, ಹೋದ ಸಲ ಬ್ಯಾಟರಿ ಮರೆತದ್ದು, ಕಿಟಕಿಯ ತೂತು, ಬಕೆಟ್, ಒಂದು ರೇಡಿಯೋ ತಗೊಂಡ್ರೆ ಮುಗೀತು ಅಂದದ್ದು, ಎಕ್ಸ್‌ವೈಎಲ್, ಎಲ್ಲ ಬಂದುಹೋದವು. ರಸ್ತೆಯೂ ಗುಂಡಿ ಬಿದ್ದು ಹಾಳಾಗಿತ್ತು. ಅವತ್ತು ರಿಪೀಟರಿನಲ್ಲಿ ಒಂದು ಪಿಸುಮಾತೂ ಇಲ್ಲದ್ದು ನೋಡಿ, ಭಾನುವಾರ ಎಲ್ಲರೂ ಎಲ್ಲಿ ಹೋದರು ಅಂದುಕೊಂಡೆ. ಇಳಿಯುವಾಗ ಕಾರಿನ ರಿಗ್ ಮುಟ್ಟಿದರೆ ಕೈ ಸುಡುವ ಹಾಗಿತ್ತು. ಬಿಸಿಲು ಜೋರಿದೆ ಅಂತ ಆಫ್ ಮಾಡಿದೆ.

ತುದಿ ಮುಟ್ಟಿ, ಕೋಲು ನಿಲ್ಲಿಸಿ, ತಂತಿ ಎಳೆದು ಬ್ಯಾಗಿಗೆ ಕೈ ಹಾಕಿದೆ. ಅಡಾಪ್ಟರ್ ಇಲ್ಲ. ಸೆಟ್ಟಿನ ಬೆನ್ನಲ್ಲಿ ಬಿಎನ್‌ಸಿ ಸಾಕೆಟ್, ಕೇಬಲಿನ ತುದಿಯಲ್ಲಿ ಪಿಎಲ್-259. ಎರಡಕ್ಕೂ ಸಂಬಂಧವೇ ಇಲ್ಲ, ಅವನ್ನು ಜೋಡಿಸೋದೇ ಆ ಅಡಾಪ್ಟರ್. ಹೆಂಡತಿ ಏನೂ ಅನ್ನಲಿಲ್ಲ. ಕಲ್ಲಿನ ಮೇಲೆ ಕೂತು ದೂರದ ಮೋಡ ನೋಡುತ್ತಿದ್ದಳು, ಅದು ಬೈಗುಳಕ್ಕಿಂತ ಜಾಸ್ತಿ ಕೇಳಿಸಿತು. ಕೀ ಗೊಂಚಲಿನ ಚಾಕುವಿನಿಂದ ಕನೆಕ್ಟರ್ ಕತ್ತರಿಸಿ, ಕೇಬಲ್ ಸುಲಿದು, ಒಳಗಿನ ತಂತಿಯನ್ನು ಸಾಕೆಟ್ಟಿನ ನಡುವಿನ ತೂತಿಗೆ ತೂರಿಸಿದೆ. ಹೊರಗಿನ ಹೆಣಿಗೆಯನ್ನು ಹುರಿ ಮಾಡಿ ಸಾಕೆಟ್ಟಿನ ಹೊರಮೈಗೆ ಒತ್ತಿ ಹಿಡಿದೆ. ಕೈ ಬಿಟ್ಟರೆ ಜಾರುತ್ತೆ, ಹಿಡಿದುಕೊಂಡರೆ ಮೈಕಿಗೆ ಕೈ ಸಾಲದು. ಅವಳು ಎದ್ದು ಬಂದು, ಕೋಲಿನಿಂದ ಒಂದು ಬಟ್ಟೆ ಕ್ಲಿಪ್ ಕಿತ್ತು, ಅಲ್ಲಿಗೆ ಹಾಕಿ, ಮತ್ತೆ ಹೋಗಿ ಕೂತಳು.

ಎಸ್‌ಡಬ್ಲ್ಯೂಆರ್ 1.6. ಮನೆಯಲ್ಲಿ ಇದಕ್ಕೆ ಮೂಗು ಮುರಿಯುತ್ತಿದ್ದೆ, ಅಲ್ಲಿ ಕಣ್ಣಿಗೊತ್ತಿಕೊಂಡೆ. 14 ಮೆಗಾಹರ್ಟ್ಸ್‌ನಲ್ಲಿ ಕರೆದ ಹತ್ತು ನಿಮಿಷಕ್ಕೆ ಸುಮಾರು 2000 ಕಿಲೋಮೀಟರ್ ದೂರದಿಂದ ಒಬ್ಬರು ಉತ್ತರ ಕೊಟ್ಟರು. ಆಮೇಲೆ ಇನ್ನಿಬ್ಬರು. ಮೂರಾಯಿತು. ನಾಲ್ಕನೆಯವರು ಬರಲೇ ಇಲ್ಲ. ಗಾಳಿಗೆ ಕ್ಲಿಪ್ ಅಲುಗಿದರೆ ಸಿಗ್ನಲ್ ಹೋಗುತ್ತೆ, ಬ್ಯಾಟರಿ ಬೇರೆ ಇಳಿಯುತ್ತಿದೆ. ಕೊನೆಗೆ ಹ್ಯಾಂಡಿ ತೆಗೆದು, ರಿಪೀಟರ್ ಬಿಟ್ಟು, ನೇರ ಸಿಂಪ್ಲೆಕ್ಸ್‌ನಲ್ಲಿ ಕರೆದೆ. ಬೆಟ್ಟದ ಮೇಲೆ ಬಾತುಕೋಳಿಗೂ ರೆಕ್ಕೆ ಬರುತ್ತೆ. ಒಂದೇ ಕರೆಗೆ ಆ ಹಿರಿಯರ ದನಿ ಬಂತು.

"ಆಹಾ, ತಲುಪಿದ್ರಾ? ಅಡಾಪ್ಟರ್ ಸಿಕ್ತಾ?"

ನಾನು ಗರ ಬಡಿದವನ ಹಾಗೆ ನಿಂತೆ. ಹೆಂಡತಿ ಮೋಡ ಬಿಟ್ಟು ನನ್ನ ಕಡೆ ನೋಡಿದಳು.

"ಕಾರಿನ ಮೈಕ್ ನಿಮ್ಮ ಕೆಳಗೆ ಸಿಕ್ಕಿಕೊಂಡಿತ್ತು ಅನ್ಸುತ್ತೆ ಓಎಂ. ರಿಪೀಟರಿನ ಟೈಮರ್ 3 ನಿಮಿಷಕ್ಕೆ ಕಟ್ ಮಾಡ್ತಿತ್ತು, ಗುಂಡಿ ಬಂದಾಗ ಮೈಕ್ ಒಂದ್ಸಲ ಬಿಟ್ಟು ಮತ್ತೆ ಒತ್ತಿಕೊಂಡು ಮುಂದಿನ ಕಂತು ಶುರು. ನಿಮಗೆ ಹೇಳೋಣ ಅಂದ್ರೆ, ನೀವು ಟ್ರಾನ್ಸ್‌ಮಿಟ್‌ನಲ್ಲಿರುವಾಗ ನಮ್ಮ ಮಾತು ಹೇಗೆ ಕೇಳುತ್ತೆ? ಎಲ್ಲರೂ ಸುಮ್ನೆ ಕೇಳಿಸಿಕೊಂಡ್ವಿ. ಬಕೆಟ್ ವಿಷಯ ಗೊತ್ತೇ ಇರಲಿಲ್ಲ ನನಗೆ. ಇರಲಿ, ಮೇಡಂ ಆಡಿಯೋ ಬಹಳ ಸ್ಪಷ್ಟ. 59. 73."

ನಾಲ್ಕನೆಯ ಕಾಲ್‌ಸೈನ್ ಲಾಗ್ ಪುಸ್ತಕದಲ್ಲಿ ಬರೆದೆ. ಕೈ ಸ್ವಲ್ಪ ನಡುಗುತ್ತಿತ್ತು. ಹೆಂಡತಿ ಪಕ್ಕದಲ್ಲಿ ಬಂದು ಕೂತಳು.

"59 ಅಂದ್ರೆ ಒಳ್ಳೇದಾ?"

"ಅದಕ್ಕಿಂತ ಮೇಲೆ ಇಲ್ಲ ಅಂತಾನೇ ಇಟ್ಕೋ."

"ನಿಮ್ಮದು ಎಷ್ಟಂತೆ?"

"ಹೇಳಲಿಲ್ಲ" ಅಂದೆ.