ಪೆನ್‌ಡ್ರೈವಲ್ಲಿದೆ ಸಾರ್, ಓಪನ್ ಆಗ್ತಿಲ್ಲ

ಕಾರ್ಯಕ್ರಮ ಹತ್ತಕ್ಕೆ ಎಂದರೆ ಪ್ರಾರ್ಥನೆ ಹತ್ತೂವರೆಗೆ, ಸ್ವಾಗತ ಹತ್ತೂಮುಕ್ಕಾಲಿಗೆ. ಇಷ್ಟೆಲ್ಲ ಪುರಸೊತ್ತು ಇದ್ದರೂ ಪಿಪಿಟಿ, ಅಂದರೆ ಪವರ್‌ಪಾಯಿಂಟ್ ಸ್ಲೈಡುಗಳ ಫೈಲು, ಇರುವ ಪೆನ್‌ಡ್ರೈವ್ ಚುಚ್ಚುವುದು ಮಾತ್ರ ಮುಖ್ಯ ಅತಿಥಿಗಳು ಮೈಕ್ ತಟ್ಟಿ ನೋಡಿದ ಮೇಲೆಯೇ. ಪರದೆಯ ಮೇಲೆ ಮೊದಲು ನೀಲಿ, ಆಮೇಲೆ ಲ್ಯಾಪ್‌ಟಾಪ್ ಕೊಟ್ಟವರ ಮಗುವಿನ ಹುಟ್ಟುಹಬ್ಬದ ಫೋಟೋ, ಆಮೇಲೆ ಒಂದು ಸಣ್ಣ ಪೆಟ್ಟಿಗೆ: ಈ ಫೈಲನ್ನು ಯಾವುದರಲ್ಲಿ ತೆರೆಯಲಿ? ಕೆಳಗಿನ ಪಟ್ಟಿಯಲ್ಲಿ ನೋಟ್‌ಪ್ಯಾಡ್ ಇದೆ, ಪೇಂಟ್ ಇದೆ. ಅಷ್ಟರಲ್ಲಿ ಸಭೆಯ ನಾನಾ ಮೂಲೆಗಳಿಂದ ಕಂಪ್ಯೂಟರ್ ಬಲ್ಲವರು ಎದ್ದು ವೇದಿಕೆಯತ್ತ ಹೊರಟಿರುತ್ತಾರೆ.

ಅವರಲ್ಲಿ ಹಿರಿಯರೊಬ್ಬರು ಖಂಡಿತ ಹೇಳುವ ಮಾತು, 'ಪವರ್‌ಪಾಯಿಂಟ್ ವ್ಯೂವರ್ ಹಾಕ್ಕೊಳ್ರೀ, ಫ್ರೀ ಸಿಗತ್ತೆ.' ಸಿಗುತ್ತಿತ್ತು. ಸ್ಲೈಡು ನೋಡಲಷ್ಟೇ ಇದ್ದ ಆ ತಂತ್ರಾಂಶವನ್ನು ಮೈಕ್ರೋಸಾಫ್ಟ್ 2018ರ ಏಪ್ರಿಲ್‌ನಲ್ಲೇ ನಿಲ್ಲಿಸಿತು. ಈಗ ಅದೇ ಹೆಸರಿನಲ್ಲಿ ಎಲ್ಲೆಲ್ಲೋ ಸಿಗುವುದನ್ನು ಹಾಕಿಕೊಂಡರೆ ಸ್ಲೈಡು ತೆರೆಯುವುದೋ ಇಲ್ಲವೋ, ಜಾಹೀರಾತಂತೂ ತೆರೆದುಕೊಳ್ಳುತ್ತದೆ. ಇನ್ನೊಬ್ಬರು ಓಪನ್ ಆಫೀಸ್ ಎಂಬ ಪುಕ್ಕಟೆ ತಂತ್ರಾಂಶದ ಹೆಸರು ಹೇಳುತ್ತಾರೆ. ಅದರಿಂದ 2010ರಲ್ಲಿ ಕವಲೊಡೆದ ಲಿಬ್ರೆಆಫೀಸ್ ಇವತ್ತಿಗೆ ಸರಿಯಾದ ಉತ್ತರ. ಅದರೊಳಗಿನ ಇಂಪ್ರೆಸ್ ಎಂಬುದು ಹಳೆಯ ಪಿಪಿಟಿಯನ್ನೂ 2007ರ ನಂತರದ ಪಿಪಿಟಿಎಕ್ಸನ್ನೂ ತೆರೆಯುತ್ತದೆ, ಎಫ್5 ಒತ್ತಿದರೆ ಪ್ರದರ್ಶನ ಶುರು. ತೊಡಕು ಒಂದೇ: ಸುಮಾರು 350 ಎಂಬಿ ಇಳಿಸಬೇಕು, ಸಭಾಂಗಣದ ವೈಫೈ ಪಾಸ್‌ವರ್ಡ್ ಊಟಕ್ಕೆ ಹೋದ ಮ್ಯಾನೇಜರ ತಲೆಯಲ್ಲಿರುತ್ತದೆ. ಶಾಲೆಯ ಲ್ಯಾಬಾದರೆ ಇನ್‌ಸ್ಟಾಲ್ ಮಾಡಲು ಅಡ್ಮಿನ್ ಪಾಸ್‌ವರ್ಡ್ ಬೇರೆ ಬೇಕು. ಆದ್ದರಿಂದ ಲಿಬ್ರೆಆಫೀಸಿನ ಪೋರ್ಟಬಲ್ ಆವೃತ್ತಿಯನ್ನು ಹಿಂದಿನ ರಾತ್ರಿಯೇ ಪೆನ್‌ಡ್ರೈವಿಗೆ ಬಿಚ್ಚಿಟ್ಟುಕೊಂಡು ಹೋಗಬೇಕು. ಅದು ಇನ್‌ಸ್ಟಾಲ್ ಆಗದೆಯೇ ಪೆನ್‌ಡ್ರೈವಿನಿಂದಲೇ ಓಡುತ್ತದೆ. ನಿಧಾನವಾಗಿ ಓಡುತ್ತದೆ, ಆದರೆ ಸ್ವಾಗತ ಭಾಷಣ ಅದಕ್ಕಿಂತ ನಿಧಾನ.

ಸರಿ, ಫೈಲ್ ತೆರೆಯಿತು. ಅಸಲಿ ತಮಾಷೆ ಇಲ್ಲಿಂದ.

ಪಿಪಿಟಿ ಎಂದರೆ ಮಾಡಿಟ್ಟ ಸಾರು ಅಂತ ಎಲ್ಲರೂ ತಿಳಿದಿದ್ದಾರೆ. ಅದು ಸಾರು ಮಾಡುವ ಚೀಟಿ. ಬೇಳೆ ಇಷ್ಟು, ಹುಣಸೆಹಣ್ಣು ಇಷ್ಟು ಅಂತ ಬರೆದಿರುತ್ತದೆ. ಸಾರಿನ ಪುಡಿ ಮಾತ್ರ ಆಯಾ ಮನೆಯದು. ನಂಬಿಕೆ ಬರದಿದ್ದರೆ ಫೈಲಿನ ಒಂದು ಪ್ರತಿ ಮಾಡಿಕೊಂಡು, ಹೆಸರಿನ ಕೊನೆಯ ಪಿಪಿಟಿಎಕ್ಸ್ ಅಳಿಸಿ ಜಿಪ್ ಅಂತ ಬರೆಯಿರಿ. ವಿಂಡೋಸ್ ಹೆಸರಿನ ಈ ಬಾಲವನ್ನು ಅಡಗಿಸಿಟ್ಟಿದ್ದರೆ ನೀವು ಬರೆದದ್ದು ಹೆಸರಿಗೆ ಸೇರುತ್ತದೆಯೇ ಹೊರತು ಫೈಲ್ ಬದಲಾಗುವುದಿಲ್ಲ. ಮೊದಲು ಫೋಲ್ಡರಿನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್‌ಗೆ ಟಿಕ್ ಹಾಕಬೇಕು. ಜಿಪ್ ಬಿಚ್ಚಿದರೆ ಒಳಗೆ ಪಿಪಿಟಿ ಎಂಬ ಫೋಲ್ಡರು, ಅದರೊಳಗೆ ಸ್ಲೈಡ್ಸ್, ಪಕ್ಕದಲ್ಲಿ ಮೀಡಿಯಾ. ಸ್ಲೈಡ್ಸ್‌ನಲ್ಲಿರುವುದು ಬರೀ ಅಕ್ಷರದ ಆದೇಶಗಳು: ಇಂಥ ಮಾತು, ಇಂಥ ಫಾಂಟು, ಇಷ್ಟು ದೊಡ್ಡದು. ಫಾಂಟು ಮಾತ್ರ ಸಾಮಾನ್ಯವಾಗಿ ಎಲ್ಲೂ ಇರುವುದಿಲ್ಲ. ಅಂದಹಾಗೆ, ಯಾವುದರಲ್ಲೂ ತೆರೆಯದೆ ಹಟ ಹಿಡಿದ ಫೈಲಿನಿಂದ ಫೋಟೋಗಳನ್ನಾದರೂ ಉಳಿಸಿಕೊಳ್ಳಲು ಆ ಮೀಡಿಯಾ ಫೋಲ್ಡರಿನಷ್ಟು ಒಳ್ಳೆಯ ದಾರಿ ಇನ್ನೊಂದಿಲ್ಲ.

ಫಾಂಟಿಲ್ಲದ ಮನೆಗೆ ಕನ್ನಡ ಹೋದರೆ ಏನಾಗುತ್ತದೆ? ಕನ್ನಡ ಟೈಪಿಸುವ ತಂತ್ರಾಂಶವಾದ ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ, ಅಂದರೆ ನುಡಿ 01 ಇ ಎಂಬುದರಲ್ಲಿ, 'ಕನ್ನಡ' ಅಂತ ಟೈಪಿಸಿದ ಸ್ಲೈಡನ್ನು ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆಯಿರಿ. ಕಾಣುವುದು ಏಳು ಗುರುತು: ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಓರೆ ಗೀಟು ಹೊತ್ತ ಎ, ಬ್ರಿಟನ್ನಿನ ಪೌಂಡು, ಮತ್ತೆ ಗೀಟಿನ ಎ, ಜರ್ಮನ್ನರು ಜೋಡಿ ಎಸ್‌ಗೆ ಬಳಸುವ ಅಕ್ಷರ, ಚಿಕ್ಕ ಕ್ಯೂ, ಮತ್ತೊಂದು ಗೀಟಿನ ಎ. ರಾಜ್ಯೋತ್ಸವದ ವೇದಿಕೆಯಲ್ಲಿ ಯುರೋಪು ಖಂಡವೇ ಬಂದು ಕೂತಂತೆ. ಯಂತ್ರದ ತಪ್ಪೇನಿಲ್ಲ. ಆ ಫೈಲಿನೊಳಗೆ ಕನ್ನಡ ಯಾವತ್ತೂ ಇರಲೇ ಇಲ್ಲ. ಇದ್ದದ್ದು ಈ ಏಳು ಗುರುತುಗಳೇ. ಅವಕ್ಕೆ ಕನ್ನಡದ ವೇಷ ತೊಡಿಸುತ್ತಿದ್ದುದು ಫಾಂಟು, ಅದು ಮನೆಯಲ್ಲೇ ಉಳಿಯಿತು. 'ವೈರಸ್ ಬಂದಿದೆ' ಅಂತ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಲು ಹೊರಟವರ ಕೈ ಹಿಡಿದು ನಿಲ್ಲಿಸಿ.

ಮದ್ದು ಎರಡು. ತುರ್ತಿಗೆ, ಆ ಫಾಂಟಿನ ಟಿಟಿಎಫ್ ಫೈಲನ್ನು ಪಿಪಿಟಿ ಪಕ್ಕದಲ್ಲೇ ಒಯ್ದು, ರೈಟ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿ, ಇಂಪ್ರೆಸ್ ಮುಚ್ಚಿ ಮತ್ತೆ ತೆರೆಯುವುದು. ಮುಚ್ಚಿ ತೆರೆಯದೆ 'ಇನ್ನೂ ಹಾಗೇ ಇದೆ' ಅನ್ನುವವರೇ ಹೆಚ್ಚು. ಶಾಶ್ವತಕ್ಕೆ, ಪಠ್ಯವನ್ನು ಯುನಿಕೋಡ್‌ಗೆ, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಪದ್ಧತಿಗೆ, ಬದಲಿಸುವುದು. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಆದರೆ ಇಡೀ ಸ್ಲೈಡನ್ನು ಬಾಚಿ ಅದರೊಳಗೆ ಸುರಿಯಬೇಡಿ, ಸ್ಲೈಡಿನಲ್ಲಿದ್ದ ಅಸಲಿ ಇಂಗ್ಲಿಷನ್ನೂ ಅದು ಕನ್ನಡವೆಂದೇ ತಿಳಿದು ಬದಲಿಸಿಬಿಡುತ್ತದೆ. ಅತಿಥಿಗಳ ಪದವಿಗಳೆಲ್ಲ ಅರ್ಥವಿಲ್ಲದ ಅಕ್ಷರಗಳಾಗಿ ಹೊರಬಂದ ಮೇಲೆ ಅವರ ಮುಖ ನೋಡುವುದು ಕಷ್ಟ.

ಯುನಿಕೋಡಿನಲ್ಲೂ ಸಾರಿನ ಪುಡಿಯ ವ್ಯತ್ಯಾಸ ತಪ್ಪಿದ್ದಲ್ಲ. ವಿಂಡೋಸಿನ ನಿರ್ಮಲಾ ಫಾಂಟು ಲಿನಕ್ಸಿನಲ್ಲಿಲ್ಲ, ಮ್ಯಾಕಿನದು ಇನ್ನೊಂದು. ಇಂಗ್ಲಿಷಿಗಾದರೆ ಲಿಬ್ರೆಆಫೀಸು ಕ್ಯಾಲಿಬ್ರಿ ಇಲ್ಲದಲ್ಲಿ ಅದೇ ಅಳತೆಯ ಕಾರ್ಲಿಟೋ ಹಾಕಿ ಮಾನ ಉಳಿಸುತ್ತದೆ. ಕನ್ನಡಕ್ಕೆ ಆ ಅನುಕೂಲವಿಲ್ಲ: ಬದಲಿ ಫಾಂಟು ಒಂದು ಕೂದಲೆಳೆ ಅಗಲವಾಗಿದ್ದರೂ 'ಹಾರ್ದಿಕ ಸುಸ್ವಾಗತ'ದ 'ಸುಸ್ವಾಗತ' ಕೆಳಗಿನ ಸಾಲಿಗೆ ಜಾರಿ ಅಧ್ಯಕ್ಷರ ಫೋಟೋದ ಹಣೆಯ ಮೇಲೆ ಕೂರುತ್ತದೆ. ಹಾಗಾಗಿ ಮೊದಲಿನಿಂದಲೇ ನೋಟೋ ಸಾನ್ಸ್ ಕನ್ನಡ ಅಥವಾ ಹುಬ್ಬಳ್ಳಿಯಂಥ ಮುಕ್ತ ಫಾಂಟಿನಲ್ಲಿ ಮಾಡಿ, ಫಾಂಟಿನ ಫೈಲನ್ನೂ ಜತೆಗೆ ಒಯ್ಯಿರಿ. ಪಠ್ಯದ ಪೆಟ್ಟಿಗೆಯಲ್ಲಿ ಎರಡು ಬೆರಳು ಜಾಗ ಖಾಲಿ ಬಿಡಿ. ಮೂಲೆ ಮೂಲೆಗೂ ತುರುಕಿದ ಸ್ಲೈಡು ಬೇರೆ ಯಂತ್ರದಲ್ಲಿ ಉಕ್ಕದೇ ಇರುವುದಿಲ್ಲ.

ಫೋನಿನ ಕಥೆ ಚಿಕ್ಕದು. ಆಂಡ್ರಾಯ್ಡಿನಲ್ಲಿ ಗೂಗಲ್ ಸ್ಲೈಡ್ಸ್ ಸಾಕು, ಗೂಗಲ್ ಖಾತೆ ಬೇಡ ಎನ್ನುವವರಿಗೆ ಕೊಲಾಬೊರಾ ಆಫೀಸ್ ಇದೆ. ಐಫೋನಿನಲ್ಲಿ ಕೀನೋಟ್ ಪುಕ್ಕಟೆ. ಇಲ್ಲದ ಫಾಂಟು ಯಾವುದೆಂದು ಅದು ಬಾಯಿಬಿಟ್ಟು ಹೇಳುತ್ತದೆ, ಆ ಪ್ರಾಮಾಣಿಕತೆ ಮೆಚ್ಚಬೇಕು. ಏನೂ ಹಾಕದೆ ಐಫೋನಿನ ಫೈಲ್ಸ್‌ನಲ್ಲೇ ಮುಟ್ಟಿದರೂ ಸ್ಲೈಡುಗಳು ಕಾಣುತ್ತವೆ, ಆದರೆ ಒಂದರ ಕೆಳಗೊಂದು ಉದ್ದಕ್ಕೆ, ಅನಿಮೇಷನ್ ಇಲ್ಲದೆ.

ಇಷ್ಟೆಲ್ಲ ಯಾಕೆ, ಪಿಡಿಎಫ್ ಮಾಡಿ ಒಯ್ದರಾಯಿತಲ್ಲ? ಆಯಿತು. ಅದೇ ಮಾಡಿಟ್ಟ ಸಾರು: ಇಂಪ್ರೆಸ್‌ನಲ್ಲಿ ಫೈಲ್, ಎಕ್ಸ್‌ಪೋರ್ಟ್ ಆಸ್, ಪಿಡಿಎಫ್. ಅಕ್ರೋಬ್ಯಾಟ್ ರೀಡರ್‌ನಲ್ಲಿ ಕಂಟ್ರೋಲ್-ಎಲ್ ಒತ್ತಿದರೆ ಪರದೆ ತುಂಬುತ್ತದೆ. ಆದರೆ ಒಂದೇ ಸ್ಲೈಡಿನಲ್ಲಿ ಐದು ಫೋಟೋ ಒಂದರ ಮೇಲೊಂದು ಪೇರಿಸಿ, ಕ್ಲಿಕ್ಕಿಗೊಂದು ಬರುವಂತೆ ಅನಿಮೇಷನ್ ಮಾಡಿದ್ದೀರಾ? ಪಿಡಿಎಫ್‌ನಲ್ಲಿ ಕಾಣುವುದು ಎಲ್ಲಕ್ಕಿಂತ ಮೇಲಿನದು ಒಂದೇ, ಉಳಿದ ನಾಲ್ಕು ಅದರಡಿ ಸಮಾಧಿ. ಫೋಟೋಗೊಂದು ಸ್ಲೈಡು ಮಾಡಿ. ಸ್ಲೈಡಿಗೇನು ಬಾಡಿಗೆ ಕೊಡಬೇಕೇ?

ಪೆನ್‌ಡ್ರೈವಿನಲ್ಲಿ ದೆವ್ವದ ಫೈಲುಗಳೂ ಇರುತ್ತವೆ. ಮ್ಯಾಕಿನಲ್ಲಿ ನಕಲಿಸಿ ತಂದಿದ್ದರೆ ಅದೇ ಹೆಸರಿನ ಆರಂಭದಲ್ಲಿ ಚುಕ್ಕಿ, ಅಡಿಗೀಟು ಇರುವ 4 ಕೆಬಿಯ ಇನ್ನೊಂದು ಫೈಲು ಕಾಣಬಹುದು. ಲಿಬ್ರೆಆಫೀಸಿನಲ್ಲಿ ತೆರೆದಿದ್ದಾಗಲೇ ಪೆನ್‌ಡ್ರೈವ್ ಕಿತ್ತಿದ್ದರೆ ಹೆಸರಿನ ಆರಂಭದಲ್ಲಿ 'ಲಾಕ್' ಎಂದಿರುವ, 1 ಕೆಬಿಯೂ ತುಂಬದ ತುಣುಕೊಂದು ಉಳಿದಿರುತ್ತದೆ. ಗಾಬರಿಯಲ್ಲಿರುವ ಕೈ ಹೋಗಿ ಒತ್ತುವುದು ಇವುಗಳನ್ನೇ. 'ಫೈಲ್ ಹಾಳಾಗಿದೆ' ಎಂಬ ಘೋಷಣೆಗೆ ಮೊದಲು ಗಾತ್ರ ನೋಡಿ; ನಲವತ್ತು ಫೋಟೋಗಳ ಪಿಪಿಟಿ 4 ಕೆಬಿ ಇರಲು ಸಾಧ್ಯವೇ?

ಪ್ರೊಜೆಕ್ಟರ್ ಇಲ್ಲ, ಟಿವಿ ಇದೆ ಎಂದರೆ ಸಂತೋಷಪಡಬೇಡಿ. ಬಹಳಷ್ಟು ಟಿವಿಗಳು ಪೆನ್‌ಡ್ರೈವಿನ ಫೋಟೋ, ವಿಡಿಯೋ ಬಿಟ್ಟು ಬೇರೆ ಮುಟ್ಟುವುದಿಲ್ಲ. ಪವರ್‌ಪಾಯಿಂಟ್ ಇದ್ದಲ್ಲಿ ಸೇವ್ ಆಸ್‌ನಲ್ಲಿ ಜೆಪೆಗ್ ಆರಿಸಿ ಆಲ್ ಸ್ಲೈಡ್ಸ್ ಎಂದರೆ ಎಲ್ಲವೂ ಚಿತ್ರಗಳಾಗಿ ಒಂದು ಫೋಲ್ಡರಿಗೆ ಬೀಳುತ್ತವೆ. ಅವುಗಳ ಹೆಸರು ಸ್ಲೈಡ್1, ಸ್ಲೈಡ್2, ಹೀಗೆ. ಅಕ್ಷರದ ಲೆಕ್ಕದಲ್ಲಿ ಜೋಡಿಸುವ ಟಿವಿಗೆ 1ರ ನಂತರ ಬರುವುದು 10. ನಿವೃತ್ತಿ ಸಮಾರಂಭದಲ್ಲಿ, ಕೆಲಸಕ್ಕೆ ಸೇರಿದ ದಿನದ ಫೋಟೋ ಆದ ತಕ್ಷಣ ಬೀಳ್ಕೊಡುಗೆಯ ಹಾರ, ಆಮೇಲೆ ಮದುವೆ. 01, 02 ಎಂದು ಹೆಸರು ತಿದ್ದಿದರೆ ಬದುಕು ಕ್ರಮಕ್ಕೆ ಬರುತ್ತದೆ.

ಕೊನೆಗೆ ಎಲ್ಲ ಸರಿಹೋಗಿ ಎಫ್5 ಒತ್ತುತ್ತೀರಿ. ಎರಡು ಪರದೆ ಕಂಡರೆ ಇಂಪ್ರೆಸ್ ಒಂದರಲ್ಲಿ ಸ್ಲೈಡು ತೋರಿಸಿ, ಇನ್ನೊಂದರಲ್ಲಿ ಮಾತಾಡುವವರಿಗೆಂದು ಗಡಿಯಾರ, ಮುಂದಿನ ಸ್ಲೈಡು, ಬರೆದಿಟ್ಟ ಟಿಪ್ಪಣಿಗಳನ್ನು ಇಡುತ್ತದೆ. ಯಾವುದು ಯಾವ ಕಡೆ ಎಂಬುದು ಸ್ಲೈಡ್ ಶೋ ಸೆಟ್ಟಿಂಗ್ಸ್‌ನ ಪ್ರೆಸೆಂಟೇಷನ್ ಡಿಸ್‌ಪ್ಲೇ ಎಂಬಲ್ಲಿದೆ, ಅದನ್ನು ಸಭೆ ಸೇರುವ ಮೊದಲೇ ನೋಡಿಕೊಳ್ಳಬೇಕು. ನೋಡಿಕೊಳ್ಳದಿದ್ದರೆ ಸ್ಲೈಡು ಲ್ಯಾಪ್‌ಟಾಪಿನಲ್ಲಿ ತಣ್ಣಗೆ ಕೂತಿರುತ್ತದೆ. ಗೋಡೆಯ ಮೇಲೆ ಹತ್ತಡಿ ಅಗಲಕ್ಕೆ, ಮುನ್ನೂರು ಜನ ಓದುವಂತೆ, ಟಿಪ್ಪಣಿ ಹೊಳೆಯುತ್ತಿರುತ್ತದೆ: 'ಇಲ್ಲಿ ಸ್ವಲ್ಪ ನಿಲ್ಲಿಸಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವುದು.'