ಮೀನೇ ಇಲ್ಲದ ತಿಂಗಳಲ್ಲಿ 1,190 ಜಿಬಿ

ಮೊದಲೇ ಹೇಳ್ತೇನೆ, ಈ ಕ್ಲೌಡ್ ಬಿಲ್ಲಿಗೆ ಕಾರಣವಾದ ಆ ಡೇಟಾಬೇಸ್ ಸ್ಲಾಟ್ ನಾನು ಬಿಟ್ಟದ್ದಲ್ಲ.

ಬೆಳಿಗ್ಗೆಯಿಂದ ಮಂಡೆ ಬಿಸಿ ಇಳಿದಿಲ್ಲ. 38 ಜಿಬಿ ಡೇಟಾ ಮಾರಾಯ್ರೆ, ಮೂವತ್ತೆಂಟು! ಹರಾಜಿನ ಲೆಕ್ಕ, ಬೋಟಿನವರ ಮುಂಗಡ, ಡೀಸೆಲ್, ಐಸು, ಇಂಡೆಕ್ಸ್ ಎಲ್ಲ ಸೇರಿ ಅಷ್ಟೇ. ಅದನ್ನಿಟ್ಟ ಕ್ಲೌಡ್ ಡೇಟಾಬೇಸಿನ ಡಿಸ್ಕಿಗೆ ಈಗ ಬಾಡಿಗೆ ಬೀಳ್ತಾ ಇರೋದು 1,190 ಜಿಬಿಗೆ. ಅದು ಬೆಳೆದದ್ದಾದ್ರೂ ಯಾವಾಗ? ಜೂನ್ 1ರಿಂದ ಜುಲೈ 31, ಟ್ರಾಲಿಂಗ್ ಬಂದ್ ಇರುವ 61 ದಿನದಲ್ಲಿ. ಮಲ್ಪೆ ಧಕ್ಕೆಯಲ್ಲಿ ಬೋಟಿಗೆ ಬೋಟು ತಾಗಿಸಿ ಕಟ್ಟಿ, ಎಲ್ಲರೂ ಬಲೆ ಸರಿಮಾಡ್ತಾ ಕೂತ ಹೊತ್ತು. ಸಾಫ್ಟ್‌ವೇರಿನಲ್ಲಿ ಒಂದು ಬುಟ್ಟಿ ಬಂಗುಡೆಯ ಎಂಟ್ರಿ ಇಲ್ಲ.

ಲೆಕ್ಕ ಬರೆಯುವ ಅಕ್ಕ ಬಿಲ್ಲಿನ ಪ್ರಿಂಟ್ ಹಿಡ್ಕೊಂಡು ಕೇಳಿದ್ರು, "ತಮ್ಮ, ಮೀನೇ ಇಲ್ಲದಾಗ ಇಷ್ಟೆಲ್ಲ ಬರೆದದ್ದು ಯಾರು?"

"ಯಾರೂ ಬರೆದಿಲ್ಲ ಅಕ್ಕ."

"ಮತ್ತೆ?"

"ಅದೇ ಬರ್ಕೊಂಡಿದೆ."

ಧಣಿಗಳು ಪೇಪರಿನಿಂದ ತಲೆ ಎತ್ತಿದ್ರು. ಐಸ್ ಪ್ಲಾಂಟಿನ ಹುಡುಗ ರಶೀದಿಗೆ ಬಂದವ ಹೋಗದೆ ಅಲ್ಲೇ ನಿಂತ. ಚಾ ತಂದವನೂ ನಿಂತ. "ಅದೇ ಬರ್ಕೊಂಡದ್ದಕ್ಕೆ ನಾವ್ಯಾಕೆ ಕೊಡೋದು?" ಹೇಳಿ ಧಣಿಗಳು. ವಾಲ್ ಅಂದೆ, ಸೆಗ್ಮೆಂಟ್ ಅಂದೆ, ಅಳಿಸಿ ಆಯ್ತು ಅಂದೆ. "ಅಳಿಸಿ ಆಯ್ತಲ್ಲ, ಹಾಗಾದ್ರೆ ಜಾಗ ಬಿಟ್ಟುಕೊಡಿ." ಅದಾಗುದಿಲ್ಲ ಅಂದೆ. ಹುಡುಗ ನಕ್ಕ. ಜೋರಾಗಿ ನಕ್ಕಿದ್ರೆ ಬೇಜಾರಿರಲಿಲ್ಲ, ಬಾಯಿಗೆ ಕೈ ಅಡ್ಡ ಇಟ್ಟು ನಕ್ಕ. ಅಕ್ಕ ಪಾಪ, ನನ್ನನ್ನು ಬಚಾವ್ ಮಾಡ್ಲಿಕ್ಕೆ ಹೇಳಿ, "ಕೋಲ್ಡ್ ಸ್ಟೋರೇಜಿನ ಹಾಗೆ ಇರ್ಬೇಕು, ಖಾಲಿ ಇದ್ರೂ ಬಾಡಿಗೆ" ಅಂದ್ರು. ಅಲ್ಲ ಅಕ್ಕ, ಕೋಲ್ಡ್ ಸ್ಟೋರೇಜಾದ್ರೆ ಮುಂದಿನ ತಿಂಗಳು ಸಣ್ಣ ಕೋಣೆ ಕೇಳಬಹುದು! ಇದನ್ನು ಅಲ್ಲಿ ಹೇಳಬೇಕಿತ್ತು. ಹೊಳೆದದ್ದು ಬಸ್ಸಿನಲ್ಲಿ ಸಂತೆಕಟ್ಟೆ ದಾಟಿದ ಮೇಲೆ.

ಆದದ್ದು ಇಷ್ಟೇ. ನಮ್ಮ ಡೇಟಾಬೇಸ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್. ಅದರಲ್ಲಿ ಯಾವ ಬದಲಾವಣೆ ಆದ್ರೂ ಮೊದಲು ವಾಲ್ ಎಂಬ ಲಾಗಿಗೆ, ಅಂದ್ರೆ ದಿನಚರಿಗೆ ಹೋಗ್ತದೆ, ಅದರ ಒಂದೊಂದು ಫೈಲಿಗೆ ಸೆಗ್ಮೆಂಟ್ ಅಂತ ಹೆಸರು. ಬೇರೆ ರಿಪೋರ್ಟಿಂಗ್ ಟೂಲಿಗೆ ಡೇಟಾ ಹರಿಸ್ಲಿಕ್ಕೆ ಒಂದು ಲಾಜಿಕಲ್ ರೆಪ್ಲಿಕೇಶನ್ ಸ್ಲಾಟ್ ಮಾಡಿದ್ದು, ಆ ಟೂಲ್ ಲಾಗನ್ನು ಎಲ್ಲಿವರೆಗೆ ಓದಿದೆ ಹೇಳಿ ಇಡುವ ಗುರುತು ಅದು. ಟೂಲ್ ನಿಲ್ಲಿಸಿದ್ರು, ಸ್ಲಾಟ್ ಉಳೀತು. ಸ್ಲಾಟ್ ಇರುವಷ್ಟು ದಿನ, "ಆ ಕಡೆಯವ ಬಂದು ಓದ್ತಾನೆ" ಹೇಳಿ ಡೇಟಾಬೇಸ್ ಹಳೆ ವಾಲ್ ಫೈಲನ್ನು ಅಳಿಸುದೇ ಇಲ್ಲ. ಓದುವವ ಬರುದೂ ಇಲ್ಲ.

ಯಾರೂ ಬರೆಯದಿದ್ರೆ ವಾಲ್ ಎಲ್ಲಿಂದ ಬಂತು ಅಂತೀರಾ? ಮಜಾ ಅಲ್ಲೇ ಉಂಟು. ಕ್ಲೌಡಿನವರೇ ಡೇಟಾಬೇಸ್ ನೋಡ್ಕೊಳ್ಳುವ ಈ ಮ್ಯಾನೇಜ್ಡ್ ಸೇವೆ ತನ್ನದೇ ಒಂದು ಸಣ್ಣ ಟೇಬಲ್ಲಿಗೆ 5 ನಿಮಿಷಕ್ಕೊಮ್ಮೆ "ಬದುಕಿದ್ದೇನೆ" ಅಂತ ಒಂದು ಸಾಲು ಬರೀತದೆ. ಆರ್ಕೈವ್ ಟೈಮೌಟ್, ಅಂದ್ರೆ ಲಾಗ್ ಫೈಲು ತುಂಬದಿದ್ರೂ ಹೊಸದಕ್ಕೆ ಹೋಗುವ ಗಡುವು ಕೂಡ 300 ಸೆಕೆಂಡು. ಹಾಗಾಗಿ 5 ನಿಮಿಷಕ್ಕೊಂದು ಹೊಸ ಸೆಗ್ಮೆಂಟ್ ಫೈಲು, ಒಳಗೆ ಒಂದೇ ಸಾಲಿದ್ರೂ ಪೂರ್ತಿ ಗಾತ್ರದ್ದು. ಸಾದಾ ಪೋಸ್ಟ್‌ಗ್ರೆಸ್‌ನಲ್ಲಿ ಸೆಗ್ಮೆಂಟ್ 16 ಎಂಬಿ, ಇವರದ್ದು 64. ದಿನಕ್ಕೆ 288 ಫೈಲು, ಇಂಟು 64, ಅಂದ್ರೆ ದಿನಕ್ಕೆ 18 ಜಿಬಿ. ಏನೂ ಮಾಡದೆ!

ಜೂನ್ 1ಕ್ಕೆ ಡೇಟಾಬೇಸ್ ಸ್ಟಾಪ್ ಮಾಡಿಯೇ ಹೋದದ್ದು, ಗೊತ್ತುಂಟಾ. ಬುದ್ಧಿವಂತಿಕೆ. ಸ್ಟಾಪ್ ಮಾಡಿದ್ರೆ ಮಷೀನಿನ ಗಂಟೆ ಬಾಡಿಗೆ ಮಾತ್ರ ನಿಲ್ತದೆ, ಸ್ಟೋರೇಜಿನದ್ದೂ ಬ್ಯಾಕಪ್ಪಿನದ್ದೂ ಓಡ್ತಾನೇ ಇರ್ತದೆ. ಅದು ಗೊತ್ತಿತ್ತು, ಸಾರ ಇಲ್ಲ. ಆದ್ರೆ 7 ದಿನ ಆದ ಕೂಡ್ಲೆ ಅದು ತಾನೇ ಎದ್ದು ಕೂತ್ಕೊಳ್ತದೆ! ಅಪ್ಡೇಟ್ ತಪ್ಪಬಾರದಂತೆ. ಮಲ್ಪೆಯಲ್ಲಿ ಕಟ್ಟಿದ ಬೋಟು ವಾರಕ್ಕೆ ಹಗ್ಗ ಬಿಚ್ಕೊಂಡು ಕಡಲಿಗೆ ಹೋಗಿ ಡೀಸೆಲ್ ಬಿಲ್ಲು ಕಳಿಸ್ತದಾ? ಜೂನ್ 8ರಿಂದ ಜುಲೈ 31ಕ್ಕೆ 54 ದಿನ. ಇಂಟು 18, 972 ಜಿಬಿ. ಅದಕ್ಕೆ ನಮ್ಮ 38 ಸೇರಿಸಿ, 1,010.

ಇಡೀ ಸೀಸನ್ ನಿಲ್ಲಿಸುದಾದ್ರೆ ವಾರಕ್ಕೊಮ್ಮೆ ಪುನಃ ಸ್ಟಾಪ್ ಮಾಡುವ ಶೆಡ್ಯೂಲ್ ಹಾಕ್ಲೇಬೇಕು. ಒಂದು ಸಲ ಬಟನ್ ಒತ್ತಿ ಊರಿಗೆ ಹೋದ್ರೆ ಹೀಗೇ ಆಗುದು.

ಅಲಾರಂ ಇರಲಿಲ್ವಾ ಅಂತ ಕೇಳ್ಬೇಡಿ. ಇತ್ತು. ಖಾಲಿ ಜಾಗ 5 ಜಿಬಿಗಿಂತ ಕಮ್ಮಿಯಾದ್ರೆ ಮೆಸೇಜ್. ಆದ್ರೆ ಸ್ಟೋರೇಜ್ ಆಟೋಸ್ಕೇಲಿಂಗ್ ಆನ್. ಖಾಲಿ ಜಾಗ ಶೇಕಡಾ 10ಕ್ಕಿಂತ ಕೆಳಗೆ ಬಂದ ಕೂಡ್ಲೆ ಡಿಸ್ಕು ಸಾಧಾರಣ ಶೇಕಡಾ 10 ಹಿಗ್ಗುತ್ತದೆ. 100 ಜಿಬಿ ಡಿಸ್ಕಿನಲ್ಲಿ ಶೇಕಡಾ 10 ಅಂದ್ರೆ 10 ಜಿಬಿ. 5ಕ್ಕೆ ಇಳಿಯುವ ಮೊದಲೇ ಹಿಗ್ಗಿ ಆಗಿರ್ತದೆ. ಅಲಾರಂ ಸಾಯುವವರೆಗೂ ಹೊಡ್ಕೊಳ್ಳುದಿಲ್ಲ. 100, 110, 121 ಹೇಳಿ ಹತ್ತಿ ಹತ್ತಿ 1,190ಕ್ಕೆ ಬಂದು ನಿಂತಿದೆ. ಗರಿಷ್ಠ ಮಿತಿ 2,000 ಅಂತ ಇಟ್ಟದ್ದು ಯಾವ ಪುಣ್ಯಾತ್ಮನೋ. ನೋಡಬೇಕಾದ್ದು ಖಾಲಿ ಜಾಗವನ್ನಲ್ಲ, ಟ್ರಾನ್ಸಾಕ್ಷನ್ ಲಾಗ್, ಅಂದ್ರೆ ಅದೇ ವಾಲ್, ಎಷ್ಟು ಡಿಸ್ಕ್ ತಿಂದಿದೆ ಎಂಬ ಮೆಟ್ರಿಕ್ಕನ್ನು. ಬಜೆಟ್ ಅಲರ್ಟ್ ಬರೀ ಈಮೇಲ್, ಅದು ನಲ್ಲಿ ಬಂದ್ ಮಾಡುದಿಲ್ಲ.

ಸ್ಲಾಟ್ ಡ್ರಾಪ್ ಮಾಡಿದೆ, ಮುಂದಿನ ಚೆಕ್‌ಪಾಯಿಂಟಿಗೆ (ಬೇಡದ ಲಾಗ್ ಅಳಿಸುವ ಹೊತ್ತು) ವಾಲ್ ಎಲ್ಲ ಮಾಯ. ಡಿಸ್ಕಿನಲ್ಲಿ ಈಗ ಸಾವಿರದ ನೂರು ಜಿಬಿಗೂ ಹೆಚ್ಚು ಖಾಲಿ. ಆದ್ರೆ ಹಿಗ್ಗಿದ ಡಿಸ್ಕು ತಾನಾಗಿ ಕುಗ್ಗುದಿಲ್ಲ. ಬಿಲ್ಲು ತುಂಬಿದ್ದಕ್ಕಲ್ಲ, ಕೊಟ್ಟ ಜಾಗಕ್ಕೆ. ಜಿಬಿಗೆ ತಿಂಗಳಿಗೆ 13 ಸೆಂಟ್ ಹಿಡೀರಿ, 1,190ಕ್ಕೆ 155 ಡಾಲರ್. ಇನ್ನೊಂದು ಝೋನಿನಲ್ಲಿ ಸ್ಟ್ಯಾಂಡ್‌ಬೈ, ಅಂದ್ರೆ ಇದು ಕೆಟ್ರೆ ಎದ್ದು ನಿಲ್ಲುವ ಎರಡನೇ ಮಷೀನು ಉಂಟಲ್ಲ, ಅದಕ್ಕೂ ಅಷ್ಟೇ ಡಿಸ್ಕು, ಹಾಗಾಗಿ ಡಬಲ್, 310. ಜುಲೈ ಬಿಲ್ಲು ಸರಾಸರಿಯದ್ದು, ಹೀಗೇ ಬಿಟ್ರೆ ಆಗಸ್ಟಿಗೆ ಪೂರ್ತಿ ಬೀಳ್ತದೆ. ಅದರ ಮೇಲೆ ಜಿಎಸ್‌ಟಿ ಶೇಕಡಾ 18. ಬೇರೆ ವ್ಯಾಪಾರದವರಿಗೆ ಇನ್‌ಪುಟ್ ಕ್ರೆಡಿಟ್ ಸಿಗ್ತದೆ, ಕೊಟ್ಟ ತೆರಿಗೆ ತಮ್ಮ ತೆರಿಗೆಯಲ್ಲಿ ವಜಾ. ಹಸಿ ಮೀನಿಗೆ ಜಿಎಸ್‌ಟಿಯೇ ಇಲ್ಲ, ಕ್ರೆಡಿಟ್ಟೂ ಇಲ್ಲ. ಆ 18 ಸೀದಾ ಕೈಯಿಂದ.

ಮತ್ತೆ ಕೆಲವರು ಬರ್ತಾರೆ, "ಸ್ನ್ಯಾಪ್‌ಶಾಟ್ ತೆಗೆದು ಸಣ್ಣ ಡಿಸ್ಕಿಗೆ ರಿಸ್ಟೋರ್ ಮಾಡಿ" ಹೇಳ್ಕೊಂಡು. ಮಾಡಿ ನೋಡಿ. ಸ್ನ್ಯಾಪ್‌ಶಾಟ್ ಅಂದ್ರೆ ಡಿಸ್ಕಿನ ಪಡಿಯಚ್ಚು, ಅದಕ್ಕೂ ಅದೇ 1,190, ಅದಕ್ಕಿಂತ ಸಣ್ಣದು ಕೊಡ್ಲಿಕ್ಕೆ ಬಿಡುದಿಲ್ಲ. ನಾನು ಹಿಡಿದ ದಾರಿ ಇದು: 100 ಜಿಬಿಯ ಹೊಸ ಇನ್‌ಸ್ಟೆನ್ಸ್ (ಡೇಟಾಬೇಸ್ ಮಷೀನು) ಎಬ್ಬಿಸಿ, ಹರಾಜು ಮುಗಿದ ಮೇಲೆ ಆ್ಯಪ್ ಬಂದ್ ಮಾಡಿ, ಡೈರೆಕ್ಟರಿ ಫಾರ್ಮ್ಯಾಟಿನಲ್ಲಿ ನಾಲ್ಕು ಜಾಬ್ ಹಾಕಿ ಡಂಪ್ (ಡೇಟಾ ಫೈಲುಗಳಿಗೆ ಇಳಿಸುದು), ಹಾಗೇ ಹೊಸದಕ್ಕೆ ರಿಸ್ಟೋರ್. ಯೂಸರ್ ಮತ್ತು ಪಾಸ್‌ವರ್ಡು ಡಂಪಿನಲ್ಲಿ ಬರುದಿಲ್ಲ, ಬೇರೆಯೇ ಮಾಡ್ಬೇಕು. ಮುಗಿದ ಮೇಲೆ ಟೇಬಲ್ಲುಗಳ ಅಂಕಿಅಂಶ ತೆಗೆಯುವ ಅನಲೈಜ್ ಓಡಿಸಿ, ಮರೆತ್ರೆ ಕ್ವೆರಿಗಳು ತೆವಳಬಹುದು. ಕೊನೆಗೆ ಹಳೆಯದರ ಹೆಸರು ಬದಲಿಸಿ ಹೊಸದಕ್ಕೆ ಆ ಹೆಸರು ಕೊಡಿ, ಆ್ಯಪ್ ಹುಡುಕುವ ವಿಳಾಸ, ಎಂಡ್‌ಪಾಯಿಂಟ್, ಅದೇ ಉಳೀತದೆ. ಆ್ಯಪ್ ನಿಲ್ಲಿಸದೆ ಲಾಜಿಕಲ್ ರೆಪ್ಲಿಕೇಶನ್‌ನಲ್ಲೂ ಆಗ್ತದೆ, ಸೀಕ್ವೆನ್ಸ್ ನಂಬರುಗಳನ್ನು (ಸಾಲಿಗೆ ಕೊಡುವ ಕ್ರಮಸಂಖ್ಯೆ) ಕೈಯಿಂದ ಸರಿಮಾಡ್ಬೇಕು, ಮತ್ತೆ ಅದಕ್ಕೆ ಬೇಕಾದ್ದು… ಹೌದು, ಇನ್ನೊಂದು ಸ್ಲಾಟ್. ನನಗೆ ಬೇಡ.

ಇದೆಲ್ಲ ಆಗದ ಹಾಗೆ ಪೋಸ್ಟ್‌ಗ್ರೆಸ್ 13ರಿಂದ ಒಂದು ಸೆಟ್ಟಿಂಗೇ ಉಂಟು, ಮ್ಯಾಕ್ಸ್ ಸ್ಲಾಟ್ ವಾಲ್ ಕೀಪ್ ಸೈಜ್. 10 ಜಿಬಿ ಅಂತ ಕೊಟ್ರೆ ಅಷ್ಟಕ್ಕಿಂತ ಹಿಂದೆ ಬಿದ್ದ ಸ್ಲಾಟನ್ನು ಅದೇ ಕೈಬಿಡ್ತದೆ. ಡೀಫಾಲ್ಟ್ ಎಷ್ಟು? ಮೈನಸ್ ಒಂದು. ಮಿತಿಯೇ ಇಲ್ಲ. ಯಾಕೆ? ಡಿಸ್ಕ್ ಮಾರುವವರು ಅದನ್ನು ಹಾಗೇ ಬಿಟ್ಟದ್ದು ಯಾಕೆ ಹೇಳಿ ಯಾರಾದ್ರೂ ಉತ್ತರ ಕೊಡಿ ಮಾರಾಯ್ರೆ, ಯಾರಾದ್ರೂ!

ಬೇಡ, ಸ್ವಂತ ಸರ್ವರೇ ಇಡುವ ಅಂತ ಲೆಕ್ಕ ಹಾಕಿಯೂ ಆಯ್ತು. ಧಕ್ಕೆ ಬದಿಯ ಆಫೀಸು. ಉಪ್ಪು ಗಾಳಿಗೆ ಬೋರ್ಡಿನ ಮೇಲೆ ಹಸಿರು ಹಿಡೀತದೆ, ಮಳೆಗಾಲದಲ್ಲಿ ಕರೆಂಟು ಹೋದ್ರೆ ಯುಪಿಎಸ್ ಅರ್ಧ ಗಂಟೆ, ಸಿಡಿಲಿಗೆ ಅದೂ ಇಲ್ಲ. ಡಿಸ್ಕು ಸತ್ತ ದಿನ ಇದೇ ಧಣಿಗಳು, ಇದೇ ಕುರ್ಚಿ, ಆಗ ಅಕ್ಕನೂ ಬಚಾವ್ ಮಾಡ್ಲಿಕ್ಕಿಲ್ಲ. ಹಾಗಾಗಿ ಕ್ಲೌಡೇ. ಕೊಡುದು. ಬೈದುಕೊಂಡು ಕೊಡುದು. ಸ್ಟ್ಯಾಂಡ್‌ಬೈ ಮಾತ್ರ ತೆಗೀತೇನೆ. ಓದ್ಲಿಕ್ಕೂ ಸಿಗದ ಆ ಎರಡನೇ ಮಷೀನು ಬೆಳಗಿನ ನಾಲ್ಕು ಗಂಟೆಯ ಹರಾಜಿಗೆ ಹೆಚ್ಚಾಯ್ತು. ಅಲ್ಲ, ಸೀಸನ್ನಿನಲ್ಲಿ ಬೇಕೇನೋ. ಗೊತ್ತಿಲ್ಲ, ಇವತ್ತು ಕೇಳ್ಬೇಡಿ.

ಸರಿ, ಹೇಳಿಬಿಡ್ತೇನೆ. ಕಮಾಂಡ್ ಹಿಸ್ಟರಿ ತೆಗೆದು ನೋಡಿದೆ. ಸ್ಲಾಟ್ ಹುಟ್ಟಿಸಿದ ಸಾಲು ನನ್ನ ಲಾಗಿನ್ನಿನದ್ದೇ. ಹೆಸರು "ಟೆಸ್ಟ್ 2". ಎರಡು ಸಾವಿರದ ಮಿತಿ ಇಟ್ಟ ಪುಣ್ಯಾತ್ಮನೂ ಬೇರೆ ಯಾರಲ್ಲ.

ಈಗಷ್ಟೇ ಅಕ್ಕನ ವಾಟ್ಸಪ್ ಬಂತು: "ತಮ್ಮ, ಜಾಗ ವಾಪಸ್ ತಕೊಂಡ್ರಾ? ಧಣಿಗಳು ಕೇಳ್ತಾ ಇದ್ದಾರೆ." ನೀಲಿ ಟಿಕ್ ಬಿದ್ದಾಗಿದೆ. ಡಂಪ್ ಶೇಕಡಾ ಎಷ್ಟು ಆಯ್ತು ಅಂತ ತೋರಿಸುದೂ ಇಲ್ಲ ಈ ದರಿದ್ರ.