ಇಲಿ ಯಾವ ಪರೀಕ್ಷೆ ಪಾಸಾಗಿತ್ತು?

1993ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ (ಎನ್‌ಐಎಚ್) ಫಿಯಾಲುರಿಡಿನ್ ಎಂಬ ಹೆಪಟೈಟಿಸ್ ಬಿ ಔಷಧಿಯನ್ನು 15 ರೋಗಿಗಳ ಮೇಲೆ ಪರೀಕ್ಷಿಸಿದರು. ಇಲಿ, ನಾಯಿ, ಕೋತಿ ಎಲ್ಲವೂ ಅದನ್ನು ತಡೆದುಕೊಂಡಿದ್ದವು. ಮನುಷ್ಯರಲ್ಲಿ 7 ಜನರ ಲಿವರ್ ಕೈಕೊಟ್ಟಿತು. 5 ಜನ ತೀರಿಕೊಂಡರು, ಇಬ್ಬರು ಲಿವರ್ ಕಸಿಯಿಂದ ಬದುಕಿದರು.

ಪ್ರಾಣಿಗಳ ಬದಲು ಚಿಪ್‌ಗಳ ಮೇಲೆ ಔಷಧಿ ಪರೀಕ್ಷಿಸಬಹುದು ಎಂದರೆ "ಪ್ರಾಣಿ ಬಿಟ್ಟು ಚಿಪ್ಪನ್ನು ನಂಬೋದಾ?" ಎಂದು ಮೂಗು ಮುರಿಯುವವರಿಗೆ ನಾನು ಮೊದಲು ಹೇಳೋದು ಇದನ್ನೇ.

ಈ ಚಿಪ್ ಮೊಬೈಲಿನದ್ದಲ್ಲ. ಪೆನ್‌ಡ್ರೈವ್ ಗಾತ್ರದ ಪಾರದರ್ಶಕ ಸಿಲಿಕೋನ್ ತುಂಡು. ಒಳಗೆ ಸಣ್ಣ ಕಾಲುವೆಗಳು, ಅವುಗಳಲ್ಲಿ ಮನುಷ್ಯನ ಜೀವಕೋಶಗಳು, ಮೇಲೆ ಹರಿಯುವ ದ್ರವ. 2010ರಲ್ಲಿ ಹಾರ್ವರ್ಡ್‌ನ ಡಾನ್ ಹು ಮತ್ತು ಡೊನಾಲ್ಡ್ ಇಂಗ್‌ಬರ್ ಮಾಡಿದ ಶ್ವಾಸಕೋಶದ ಚಿಪ್ ಉಸಿರಾಡುವಂತೆ ಹಿಗ್ಗಿ ಕುಗ್ಗುತ್ತಿತ್ತು!

2022ರಲ್ಲಿ 870 ಲಿವರ್ ಚಿಪ್‌ಗಳ ಮೇಲೆ 27 ಔಷಧಿಗಳನ್ನು ಹರಿಸಿ ನೋಡಿದರು. ಲಿವರ್‌ಗೆ ಕೆಡುಕು ಮಾಡುವವುಗಳಲ್ಲಿ ಶೇ. 87ರಷ್ಟು ಸಿಕ್ಕಿಬಿದ್ದವು, ನಿರಪರಾಧಿಯನ್ನು ಚಿಪ್ ಒಮ್ಮೆಯೂ ಹಿಡಿಯಲಿಲ್ಲ. ಒಳ್ಳೆಯ ಅಂಕವೇ. ಆದರೆ ಅಧ್ಯಯನ ಮುನ್ನಡೆಸಿದ್ದು ಚಿಪ್ ತಯಾರಿಸುವ ಎಮ್ಯುಲೇಟ್ ಕಂಪನಿಯವರೇ. ಮನೆಪಾಠದ ಮೇಷ್ಟ್ರೇ ಪೇಪರ್ ತಿದ್ದಿದ ಹಾಗೆ. ಬೇರೆ ಲ್ಯಾಬಿನ ಬೇರೆ ಕೈಯಲ್ಲೂ ಇದೇ ಉತ್ತರ ಬರಲಿ. ಉತ್ತರವನ್ನು ತಾಳೆ ನೋಡುವುದೂ ಇಲಿಯ ಜೊತೆಗಲ್ಲ, ಆ ಮಾತ್ರೆ ನುಂಗಿದ ಮನುಷ್ಯರಿಗೆ ಏನಾಯಿತೋ ಅದರ ಜೊತೆಗೆ. ಇಲ್ಲವಾದರೆ ಇಲಿಯ ತಪ್ಪನ್ನೇ ಚಿಪ್ಪಿಗೆ ಕಲಿಸಿದಂತಾಗುತ್ತದೆ. (ಸಿಲಿಕೋನ್ ಕೆಲವು ಔಷಧಿಗಳನ್ನು ತಾನೇ ಹೀರಿಬಿಡುತ್ತದೆ. ಕೋಶಕ್ಕೆ ತಲುಪಿದ್ದೆಷ್ಟು ಎಂದು ಅಳೆಯದೆ "ವಿಷವಿಲ್ಲ" ಅಂದರೆ ನಾನು ಒಪ್ಪಲ್ಲ.)

ನನಗಿರುವ ದೊಡ್ಡ ತಕರಾರು ಬೇರೆ. ಆ ಕೋಶಗಳು ಯಾರವು?

ನಮ್ಮ ಸೋದರಮಾವನಿಗೆ ಟಿಬಿ ಬಂದಾಗ ಮಾತ್ರೆ ಶುರುವಾದ ಐದನೇ ವಾರ ಕಣ್ಣು ಹಳದಿಯಾಯಿತು. ಟಿಬಿಯ ಮುಖ್ಯ ಔಷಧಿಗಳಲ್ಲಿ ಒಂದು ಐಸೊನಿಯಜಿಡ್. ಅದನ್ನು ಲಿವರ್‌ನಲ್ಲಿ ಪರಿವರ್ತಿಸುವ ನ್ಯಾಟ್2 ಎಂಬ ಕಿಣ್ವ ಕೆಲವರಲ್ಲಿ ನಿಧಾನ. ಅಂಥವರಲ್ಲಿ ಲಿವರ್ ಪೆಟ್ಟು ತಿನ್ನುವ ಅಪಾಯ ಹೆಚ್ಚು, ನಮ್ಮ ದೇಶದಲ್ಲಿ ಅಂಥವರು ಬಹಳ. ಎಲ್ಲೋ ಒಬ್ಬಿಬ್ಬರು ದಾನಿಗಳ ಕೋಶ ತುಂಬಿದ ಚಿಪ್ "ಸುರಕ್ಷಿತ" ಎಂದರೆ ಮಾವನ ಲಿವರ್‌ಗೂ ಅದು ಅನ್ವಯಿಸುತ್ತದೆಯೇ? ಒಂದೇ ತಳಿಯ ಇಲಿ ಸಾಕಿ ಮಾಡಿದ ತಪ್ಪೇ ಅಲ್ಲವೇ ಇದು?

ಭಾರತದಲ್ಲಿ 2023ರ ಮಾರ್ಚ್‌ನಲ್ಲೇ ಹೊಸ ಔಷಧಿಗಳ ನಿಯಮ ತಿದ್ದಿ ಇಂಥ ವಿಧಾನಗಳಿಗೆ ಬಾಗಿಲು ತೆರೆದಿದ್ದಾರೆ. ಸಂತೋಷ. ನಿಧಾನದ ಕಿಣ್ವದವರ ಕೋಶಗಳಿರುವ ಚಿಪ್ಪನ್ನೂ ಜೊತೆಗಿಟ್ಟು ನೋಡಿ ಎಂದು ಯಾರಾದರೂ ಕಡ್ಡಾಯ ಮಾಡಬೇಕು.

ಮಾವನಿಗೆ ಆಗ ಎಲ್ಲ ಮಾತ್ರೆ ನಿಲ್ಲಿಸಿ, ಕಣ್ಣಿನ ಹಳದಿ ಇಳಿದ ಮೇಲೆ ಒಂದೊಂದೇ ಮಾತ್ರೆ ಕೊಟ್ಟು, ಪ್ರತಿ ಸಲ ರಕ್ತ ತೆಗೆದು, ಯಾವುದು ತಾಗುತ್ತಿದೆ ಎಂದು ಪತ್ತೆ ಮಾಡಿದರು. "ನನ್ನನ್ನೇ ಇಲಿ ಮಾಡ್ಬಿಟ್ರಲ್ಲೋ" ಅಂತ ನಗುತ್ತಿದ್ದರು ಪಾಪ.